ಏಳನೆಯ ವಾಕ್ಯ

ಜನವರಿ 11

ಅಕ್ಕಾ,

ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ "ಬರೀತಾ ಇದ್ದೀನಿ ಗುಬ್ಬಿ, ಆಮೇಲೆ ಮಾಡು" ಅನ್ನುತ್ತೀಯ. ಆ "ಆಮೇಲೆ" ಯಾವತ್ತೂ ಬರುವುದಿಲ್ಲ. ಹಾಗಾಗಿ ಈ ಕಾಗದ. ಕಾಗದವಾದರೆ ಓದುತ್ತೀಯ ಅಂತ ನನಗೆ ಗೊತ್ತು.

ನಗಬೇಡ, ನಾನೂ ಒಂದು ಪುಸ್ತಕ ಬರೆದಿದ್ದೇನೆ. ಮೂವತ್ತಮೂರು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳಿಗೆ ನಿವೃತ್ತಿಯಾದ ಮೇಲೆ ಬೇರೇನು ಕೆಲಸ? ಬರಿಗೈಯಲ್ಲಿ ಮನೆಗೆ ಹೋಗುವ ತಾಯಂದಿರಿಗಾಗಿ, ಅವರನ್ನು ಬಾಗಿಲ ತನಕ ಬಿಟ್ಟುಬರುವ ನರ್ಸುಗಳಿಗಾಗಿ ಬರೆದದ್ದು. ಹಡೆದವಳಿಗೆ ಮಗುವಿಲ್ಲದಿದ್ದರೂ ಹಾಲು ಬರುತ್ತದೆ ಎಂಬುದನ್ನು ಅವಳಿಗೆ ಮುಂಚೆಯೇ ಯಾರೂ ಹೇಳುವುದಿಲ್ಲ. ಅದನ್ನು ಹೇಳುವ ಅಧ್ಯಾಯದಲ್ಲಿ ನಿನ್ನ ಕಾದಂಬರಿಯ ನೂರಹನ್ನೆರಡನೆಯ ಪುಟದಿಂದ ಏಳು ವಾಕ್ಯ ತೆಗೆದುಕೊಂಡಿದ್ದೇನೆ. ಇಲ್ಲಿ ನಕಲು ಮಾಡಿದ್ದೇನೆ:

"ಮೂರನೆಯ ದಿನ ಹಾಲಿಳಿಯಿತು. ಕುಡಿಯುವ ಬಾಯಿ ಇರಲಿಲ್ಲ. ಎದೆಗೆ ಕಟ್ಟಿದ ಬಟ್ಟೆ ಒದ್ದೆಯಾದಾಗಲೆಲ್ಲ ಬಚ್ಚಲಿಗೆ ಹೋಗಿ ಹಿಂಡಿದೆ. ಹಿಂಡಿದ ನೀರು ಬೆಳ್ಳಗೆ ಮೋರಿಯ ಕಡೆ ಹರಿಯಿತು. ಅದನ್ನೇ ನೋಡುತ್ತ ಕೂತೆ. ಅಳು ಬರಲಿಲ್ಲ. ಸದ್ಯ, ತಪ್ಪಿತು ಅಂದುಕೊಂಡೆ."

ನನ್ನ ಪುಸ್ತಕದ ಸಂಪಾದಕಿ ಚಿಕ್ಕ ವಯಸ್ಸಿನ ಹುಡುಗಿ, ಆದರೆ ಬಲು ಖಡಕ್. "ಮೇಡಂ, ಇದು ಬೇರೆಯವರ ಕಾದಂಬರೀದು. ಅನುಮತಿ ಇದೆಯಾ?" ಅಂದಳು. "ನಮ್ಮಕ್ಕನದೇ ಕಣಮ್ಮ" ಅಂದೆ. "ಅಕ್ಕನದಾದ್ರೂ ಒಂದು ಕಾಗದ ಇರಲಿ" ಅಂದಳು. ಅವಳು ಕೊಟ್ಟ ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೆಳಗೆ ಗೀಟೆಳೆದ ಜಾಗದಲ್ಲಿ ನಿನ್ನ ಸಹಿ ಬೇಕು.

ಈ ಸಾಲುಗಳು ಎಲ್ಲಿಂದ ಬಂದವು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆ ಮಾತು ಈಗ ಬೇಡ. ಕಡೆಯ ವಾಕ್ಯದ ಬಗ್ಗೆ ಮಾತ್ರ ನಾನು ಎರಡು ಪುಟ ಬರೆದಿದ್ದೇನೆ. ಅದನ್ನು ನೀನು ಪುಸ್ತಕ ಬಂದ ಮೇಲೆ ಓದಬಹುದು.

ಇವರು ಹೋಗಿ ಮುಂದಿನ ತಿಂಗಳಿಗೆ ವರ್ಷವಾಗುತ್ತದೆ. ಕನ್ನಡಕದ ಅಂಗಡಿಯನ್ನು ಖಾಲಿ ಮಾಡಿಕೊಟ್ಟೆ. ಮಂಡಿನೋವಿಗೆ ಮೆಟ್ಟಿಲು ಹತ್ತಬೇಡ.

ಗುಬ್ಬಿ


ಫೆಬ್ರವರಿ 2

ಪ್ರೀತಿಯ ಗುಬ್ಬಿ,

ನೀನು ಪುಸ್ತಕ ಬರೆದೆ ಎಂದು ಓದಿ ನಿಜವಾಗಿಯೂ ಸಂತೋಷವಾಯಿತು. ನಮ್ಮ ಮನೆಯಲ್ಲಿ ಬರೆಯುವವಳು ಒಬ್ಬಳೇ ಎಂದು ಅಪ್ಪ ಹೇಳಿಕೊಂಡು ತಿರುಗುತ್ತಿದ್ದರು. ಇದ್ದಿದ್ದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಆದರೆ ಸಹಿ ಹಾಕಲಾರೆ. ಬೇಸರ ಮಾಡಿಕೊಳ್ಳಬೇಡ, ಕಾರಣ ಹೇಳುತ್ತೇನೆ.

ಕಾದಂಬರಿಯೆಂದರೆ ಬಟ್ಟೆಯ ಥಾನಲ್ಲ, ಬೇಕಾದಷ್ಟು ಕತ್ತರಿಸಿ ಕೊಡುವುದಕ್ಕೆ. ನೂರಹನ್ನೆರಡನೆಯ ಪುಟ ಅರ್ಥವಾಗಬೇಕಾದರೆ ಅದರ ಹಿಂದಿನ ನೂರಹನ್ನೊಂದು ಪುಟ ಬೇಕು. ಸಂದರ್ಭದಿಂದ ಕಿತ್ತ ವಾಕ್ಯ ಬೇರು ಕಿತ್ತ ಗಿಡದ ಹಾಗೆ. ಎರಡು ದಿನ ಹಸಿರಾಗಿ ಕಾಣುತ್ತದೆ, ಅಷ್ಟೆ. ಆ ಪುಸ್ತಕದ ಹೆಂಗಸು ನನ್ನ ಪಾತ್ರ. ಅವಳನ್ನು ನಿನ್ನ ವಾರ್ಡಿನ ಕೇಸ್ ಶೀಟ್ ಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಯಾರ್ಯಾರೋ ಈ ಭಾಗವನ್ನು ಕತ್ತರಿಸಿ ಎಲ್ಲೆಲ್ಲೋ ಅಂಟಿಸಿ ನನಗೆ ಸಾಕಾಗಿದೆ.

ಅಲ್ಲದೆ ವರ್ಷದ ಕೊನೆಗೆ ಹೊಸ ಮುದ್ರಣ ಬರುತ್ತಿದೆ, ಪೀಠಿಕೆಯೊಂದಿಗೆ. ಇಂಥ ಹೊತ್ತಿನಲ್ಲಿ ಇದೆಲ್ಲ ಬೇಡ ಎಂದು ನನ್ನ ಪ್ರಕಾಶಕರೂ ಹೇಳುತ್ತಾರೆ.

ನಿನಗೇನು, ನಿನ್ನ ಅನುಭವವೇ ಬೆಟ್ಟದಷ್ಟಿದೆ. ನಿನ್ನದೇ ಮಾತಿನಲ್ಲಿ ಬರೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಕ್ಕ


ಫೆಬ್ರವರಿ 20

ಅಕ್ಕಾ,

"ನಿನ್ನದೇ ಮಾತಿನಲ್ಲಿ ಬರೆ" ಎಂದಿದ್ದೀಯ. ಅದನ್ನು ಓದಿ ಬಾಗಿಲಲ್ಲೇ ಕೂತುಬಿಟ್ಟೆ. ಎದುರು ಮನೆಯವಳು "ಏನಾಯ್ತು, ತಲೆಸುತ್ತಾ?" ಅಂತ ನೀರು ತಂದಳು.

ಸಂಪಾದಕಿ ನನ್ನನ್ನು ಅವರ ವಕೀಲರ ಹತ್ತಿರ ಕರೆದುಕೊಂಡು ಹೋಗಿದ್ದಳು. ತುಂಬ ವಯಸ್ಸಾದವರು, ಕಡತಗಳ ನಡುವೆ ಮುಖ ಮಾತ್ರ ಕಾಣುತ್ತದೆ. ಅವಳು ಕೇಳಿದಳು, "ಮುನ್ನೂರು ಪದದ ತನಕ ಯಾರನ್ನೂ ಕೇಳಬೇಕಾಗಿಲ್ಲ ಅಂತಾರಲ್ಲ ಸಾರ್?"

"ಅದೆಲ್ಲ ಕಟ್ಟುಕಥೆ" ಅಂದರು. "ಪದ ಎಣಿಸೋ ಕಾನೂನು ಇಲ್ಲಮ್ಮ. ಯಾಕೆ ತಗೊಂಡ್ರಿ, ಅಗತ್ಯಕ್ಕಿಂತ ಜಾಸ್ತಿ ತಗೊಂಡ್ರಾ, ಯಾರದು ಅಂತ ಹೇಳಿದ್ರಾ, ಅದನ್ನ ನೋಡ್ತಾರೆ. ಇನ್ನೂರೆಪ್ಪತ್ತು ಪುಟದ ಕಾದಂಬರೀಲಿ ಏಳು ವಾಕ್ಯ. ಅದರ ಮೇಲೆ ಇವರ ವಿಮರ್ಶೆ ಎರಡು ಪುಟ. ನಿಮ್ಮ ಪುಸ್ತಕ ಓದಿದೋರು ಇನ್ನು ಆ ಕಾದಂಬರಿ ಬೇಡ ಅಂತಾರಾ? ಇಲ್ವಲ್ಲ. ವಿಮರ್ಶೆಗೆ ಅನುಮತಿ ಬೇಕಿಲ್ಲ. ಬೇಕು ಅಂತಿದ್ರೆ ಹೊಗಳೋರಿಗೆ ಮಾತ್ರ ಸಿಗ್ತಿತ್ತು."

ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾಕಮ್ಮ ಅಷ್ಟು ಬಾಡಿಹೋದ್ರಿ?" ಅಂದರು. ಹೇಳಿಬಿಟ್ಟೆ. ಈ ಮಾತು ಮೊದಲು ನಾನು ನಿನಗೆ ಬರೆದ ಪತ್ರದಲ್ಲಿದ್ದದ್ದು ಎಂದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಹೇಳಿದರು: "ಪತ್ರದ ಹಾಳೆ ಅವರದು. ಹಾಳೆ ಮೇಲಿನ ಮಾತು ನಿಮ್ಮದು. ಅಪ್ಪಣೆ ಕೇಳಬೇಕಾಗಿದ್ದದ್ದು ಅವರು."

ನನಗೆ ಕೋರ್ಟು ಬೇಡ ಅಕ್ಕಾ. ನಿನ್ನ ಸಹಿಯೂ ಇನ್ನು ಬೇಕಿಲ್ಲ. ಬೇಕಾದದ್ದು ಒಂದೇ ಮಾತು, ಅದು ನಿನ್ನ ಕೈಬರಹದಲ್ಲಿ ಬೇಕು: ಏಳನೆಯ ವಾಕ್ಯ ನೀನು ಕಟ್ಟಿದ್ದು ಎಂದು. ಮೊದಲ ಆರು ನನ್ನವು, ಒಪ್ಪುತ್ತೇನೆ. ಮಗು ಸತ್ತದ್ದಕ್ಕೆ "ಸದ್ಯ, ತಪ್ಪಿತು" ಅಂದುಕೊಳ್ಳುವವಳು ನಾನಲ್ಲ. ಆ ಹೆಂಗಸನ್ನು ಮಾಡಿದವಳು ನೀನು.

ಯಾಕೆ ಇಷ್ಟು ವರ್ಷ ಸುಮ್ಮನಿದ್ದು ಈಗ ಕೇಳುತ್ತಿದ್ದೇನೆ ಎಂದು ನಿನಗೆ ಅನ್ನಿಸಬಹುದು. ಅಂಗಡಿ ಖಾಲಿ ಮಾಡುವಾಗ ಗಾಜು ಉಜ್ಜುವ ಯಂತ್ರದ ಕೆಳಗಿನ ಡ್ರಾಯರಿನಲ್ಲಿ ನಿನ್ನ ಕಾದಂಬರಿ ಸಿಕ್ಕಿತು. ಕಂದು ಕಾಗದದ ಹೊದಿಕೆ ಹಾಕಿತ್ತು. ಇವರು ಕಾದಂಬರಿ ಓದಿದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ನೂರಹನ್ನೆರಡನೆಯ ಪುಟದಲ್ಲಿ ಕಡೆಯ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ. ಪಕ್ಕದಲ್ಲಿ ತಾರೀಖು. ಕಾದಂಬರಿ ಹೊರಬಂದ ತಿಂಗಳಿನದು. ಆವತ್ತಿನಿಂದ ಮೂವತ್ತೊಂದು ವರ್ಷ ಇವರು ನನ್ನ ಜೊತೆ ಊಟ ಮಾಡಿದ್ದಾರೆ, ನನ್ನ ಜ್ವರ ನೋಡಿಕೊಂಡಿದ್ದಾರೆ. ಇನ್ನೊಂದು ಮಗು ಅಂದಾಗಲೆಲ್ಲ "ಬೇಡ ಬಿಡು" ಅನ್ನುತ್ತಿದ್ದರು. ನನ್ನ ಜೀವಕ್ಕೆ ಹೆದರಿ ಹಾಗನ್ನುತ್ತಾರೆ ಎಂದುಕೊಂಡಿದ್ದೆ.

ಒಂದು ಸಾಲು ಬರೆದು ಕೊಡು ಅಕ್ಕಾ.

ಗುಬ್ಬಿ


ಮಾರ್ಚ್ 6

ಗುಬ್ಬಿ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನಿನ್ನ ಯಜಮಾನರ ಪುಸ್ತಕದ ವಿಷಯ ನನಗೆ ತಿಳಿದಿರಲಿಲ್ಲ. ನನ್ನನ್ನು ನಂಬು.

ನೀನು ಕೇಳಿದ್ದನ್ನು ಬರೆದುಕೊಡಲಾರೆ, ಅದು ಸುಳ್ಳಾಗುತ್ತದೆ. ಏಳನೆಯ ವಾಕ್ಯ ನಾನು ಕಟ್ಟಿದ್ದಲ್ಲ. ನಿನ್ನ ಪತ್ರ ನನ್ನ ಹತ್ತಿರ ಇದೆ, ಇವತ್ತು ತೆಗೆದು ನೋಡಿದೆ. ನಿನ್ನ ಅಕ್ಷರದಲ್ಲೇ ಇದೆ: "ಅಳು ಬರಲಿಲ್ಲ. ಸದ್ಯ, ತಪ್ಪಿತು ಅಂದುಕೊಂಡೆ."

ಜ್ವರದಲ್ಲಿ ಬರೆದದ್ದು, ನಿನಗೆ ನೆನಪಿರಲಿಕ್ಕಿಲ್ಲ. ಇದನ್ನು ನಿನಗೆ ಹೇಳಬಾರದೆಂದೇ ಸಹಿ ಹಾಕುವುದಿಲ್ಲ ಎಂದಿದ್ದೆ. ವಿಷಯ ಬೀದಿಗೆ ಬಂದರೆ ಪತ್ರವೂ ಬರುತ್ತದೆ. ನಿನ್ನನ್ನು ಉಳಿಸಲು ನೋಡಿದೆ, ನೀನು ಬಿಡಲಿಲ್ಲ.

ಅಂಥ ಹೊತ್ತಿನಲ್ಲಿ ಯಾರ ಮನಸ್ಸಿನಲ್ಲಿ ಏನು ಬಂದರೂ ಅದಕ್ಕೆ ಲೆಕ್ಕ ಕೇಳಬಾರದು.

ಅಕ್ಕ


ಮಾರ್ಚ್ 15

ಅಕ್ಕಾ,

ಪತ್ರ ತಲುಪಿತು. ಆ ಅಧ್ಯಾಯ ತೆಗೆದುಬಿಡಿ ಎಂದು ಸಂಪಾದಕಿಗೆ ಹೇಳಿದ್ದೇನೆ.

ಗುಬ್ಬಿ


ಏಪ್ರಿಲ್ 30

ಪ್ರೀತಿಯ ಗುಬ್ಬಿ,

ಆರು ವಾರವಾಯಿತು, ನಿನ್ನ ಸುದ್ದಿಯಿಲ್ಲ. ಫೋನ್ ಮಾಡಿದರೆ ನೀನೂ ಎತ್ತುವುದಿಲ್ಲ. ನನ್ನದೇ ಬುದ್ಧಿ ನಿನಗೂ ಬಂತು ಎಂದುಕೊಂಡು ನಗಲು ನೋಡಿದೆ, ಆಗಲಿಲ್ಲ.

ಕೋಪ ಬಂದಿದ್ದರೆ ಬೈದು ಬರೆ. ಚಿಕ್ಕಂದಿನಲ್ಲಿ ನಿನಗೆ ಕೋಪ ಬಂದರೆ ತಟ್ಟೆಯ ಅಂಚಿಗೆ ಅನ್ನ ತಳ್ಳಿ ಎರಡೇ ಅಗುಳು ಕುಕ್ಕಿ ಕುಕ್ಕಿ ತಿನ್ನುತ್ತಿದ್ದೆ. ಅದಕ್ಕೇ ಗುಬ್ಬಿ ಎಂದು ಹೆಸರಿಟ್ಟದ್ದು. ಅಮ್ಮ ಹೊಡೆಯಲು ಬಂದರೆ ಅಡ್ಡ ನಿಲ್ಲುತ್ತಿದ್ದವಳು ನಾನು. ಅದನ್ನಾದರೂ ನೆನಪಿಟ್ಟುಕೊ.

ನಾನು ಯೋಚನೆ ಮಾಡಿದೆ. ಏಳು ವಾಕ್ಯವನ್ನೂ ತೆಗೆದುಕೋ. ಅನುಮತಿ ಪತ್ರಕ್ಕೆ ಸಹಿ ಹಾಕಿ ಇಟ್ಟಿದ್ದೇನೆ. ಷರತ್ತೇನೂ ಇಲ್ಲ, ಕಾದಂಬರಿಯ ಹೆಸರು ಹಾಕಿದರೆ ಸಾಕು. ಆ ಅಧ್ಯಾಯವಿಲ್ಲದೆ ನಿನ್ನ ಪುಸ್ತಕ ಸೊರಗುತ್ತದೆ. ನನ್ನ ಪ್ರಕಾಶಕರಿಗೆ ನಾನು ಹೇಳಿಕೊಳ್ಳುತ್ತೇನೆ.

ಇನ್ನೇನು ಮಾಡಬೇಕು ಹೇಳು.

ಅಕ್ಕ


ಜೂನ್ 18

ಅಕ್ಕಾ,

ಕೋಪ ಅಲ್ಲ. ಕೋಪ ಇದ್ದಿದ್ದರೆ ಬದುಕು ಸಲೀಸಾಗಿರುತ್ತಿತ್ತು.

ಈ ಮೂರು ತಿಂಗಳು ನಾನು ಏನು ಮಾಡಿದೆ ಎಂದು ಹೇಳುತ್ತೇನೆ. ನಿವೃತ್ತಿಯಾದ ಮೇಲೂ ವಾರಕ್ಕೆರಡು ಸಲ ವಾರ್ಡಿಗೆ ಹೋಗಿ, ಮಗು ಉಳಿಯದವರ ಹತ್ತಿರ ಕೂತು ಬರುತ್ತಿದ್ದೆ. ಅದನ್ನು ನಿಲ್ಲಿಸಿದೆ. ಅವರ ಕೈ ಹಿಡಿದುಕೊಳ್ಳಲು ನನಗೇನು ಅರ್ಹತೆ ಎಂದು ಅನ್ನಿಸಿತು. ನನ್ನ ಮಗುವಿಗೆ "ತಪ್ಪಿತು" ಅಂದವಳು ನಾನು. ಆ ಮನೆ, ಆ ಬಚ್ಚಲು, ಮೋರಿಯ ಬಾಯಿಗೆ ಇಟ್ಟಿದ್ದ ಇಟ್ಟಿಗೆ, ಎಲ್ಲ ನೆನಪಿದೆ. ಆ ಮಾತೊಂದು ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ. ಸಿಗದಿದ್ದರೂ ನಂಬಿದೆ. ಅಚ್ಚಾಗಿದೆ, ಮೇಲಾಗಿ ನನ್ನ ಅಕ್ಷರದಲ್ಲಿದೆ ಎಂದು ನೀನೇ ಹೇಳಿದ್ದೀಯ. ಇನ್ನು ನಂಬದೆ ಏನು ಮಾಡಲಿ? ಇವರ ಫೋಟೋದ ಮುಂದೆ ನಿಂತು ಒಂದು ದಿನ ಗಟ್ಟಿಯಾಗಿ ಕ್ಷಮೆ ಕೇಳಿದೆ. ನನಗೇ ನಾಚಿಕೆಯಾಗಿ ರೇಡಿಯೋ ಹಾಕಿದೆ.

ಹೋದ ವಾರ ಸಂಪಾದಕಿ ಮನೆಗೆ ಬಂದಿದ್ದಳು. ಅಧ್ಯಾಯ ಯಾಕೆ ತೆಗೆದಿರಿ ಎಂದು ಬಿಡದೆ ಕೇಳಿದಳು. ನಿನ್ನ ಮಾರ್ಚ್ ಪತ್ರ ಕೊಟ್ಟೆ. ಓದಿದಳು, ಇನ್ನೊಂದು ಸಲ ಓದಿದಳು.

"ಮೇಡಂ, ಇದು ಉದ್ಧರಣೆ ಅಲ್ವಾ?"

"ಅಂದ್ರೆ?"

"ನಿಮ್ಮ ಪತ್ರದಿಂದ ಅವರು ಎರಡು ವಾಕ್ಯ ಎತ್ತಿ ಬರೆದಿದಾರೆ. ಮೂಲ ನೀವು ನೋಡಿದ್ರಾ?"

"ಅಕ್ಕ ಯಾಕಮ್ಮ ಸುಳ್ಳು ಹೇಳ್ತಾಳೆ?"

"ಸುಳ್ಳು ಅಂತ ಯಾರು ಹೇಳಿದ್ರು? ಮೂಲದ ಜೊತೆ ಹೋಲಿಸದೆ ಒಂದು ಉದ್ಧರಣೆನೂ ನಾನು ಅಚ್ಚಿಗೆ ಬಿಡಲ್ಲ. ನಿಮ್ಮ ಪುಸ್ತಕದ್ದೂ ಬಿಟ್ಟಿಲ್ಲ."

ಮೂವತ್ತಮೂರು ವರ್ಷ ಕೇಸ್ ಶೀಟ್ ಬರೆದವಳಿಗೆ ಆ ಹುಡುಗಿ ಪಾಠ ಹೇಳಿದಳು. ಪಾಳಿ ಬದಲಾಗುವಾಗ ಬಾಯಿಮಾತು ಕೇಳಿ ನಾನು ಒಂದು ಮಾತ್ರೆಯನ್ನೂ ಕೊಟ್ಟವಳಲ್ಲ, ಶೀಟ್ ನೋಡಿಯೇ ಕೊಡುತ್ತಿದ್ದೆ.

ಅನುಮತಿ ಪತ್ರ ನಿನ್ನ ಹತ್ತಿರವೇ ಇರಲಿ. ನನ್ನ ಪತ್ರದ ನಕಲು ಕಳಿಸು. ಆ ಪುಟ ಮಾತ್ರ ಸಾಲದು, ಹಾಳೆಯ ಎರಡೂ ಬದಿ ಬೇಕು.

ಗುಬ್ಬಿ


ಆಗಸ್ಟ್ 9

ಗುಬ್ಬಿ,

ನಕಲು ಅಲ್ಲ, ಮೂಲವನ್ನೇ ಕಳಿಸಿದ್ದೇನೆ. ಹಾಳೆ ಮಡಿಕೆಯಲ್ಲಿ ಹರಿದಿದೆ, ಹುಷಾರಾಗಿ ಬಿಡಿಸು. ಅಂಚೆಗೆ ಹಾಕಲು ಎರಡು ತಿಂಗಳು ಬೇಕಾಯಿತು. ಮಂಡಿನೋವು ಎಂದು ಬರೆಯೋಣ ಎಂದುಕೊಂಡಿದ್ದೆ.

ನೀನು ಓದುವ ಮುಂಚೆ ನಾನೇ ಹೇಳುತ್ತೇನೆ. ಹಾಳೆಯ ಮೊದಲ ಬದಿ "ಸದ್ಯ, ತಪ್ಪಿತು ಅಂದುಕೊಂಡೆ" ಎಂಬಲ್ಲಿಗೆ ಮುಗಿಯುತ್ತದೆ. ಅಲ್ಲಿ ಪೂರ್ಣವಿರಾಮ ಇಲ್ಲ, ಅಲ್ಪವಿರಾಮ ಇದೆ. ಮಗುಚಿದರೆ ವಾಕ್ಯ ಮುಂದುವರಿಯುತ್ತದೆ: "ನಾನೂ ಹೋಗಿಬಿಟ್ಟಿದ್ದರೆ ಇವರು ಈ ಮನೆಯಲ್ಲಿ ಒಬ್ಬರೇ ಆಗಿಬಿಡುತ್ತಿದ್ದರು. ರಕ್ತ ನಿಂತಿದೆ, ಇನ್ನು ಜೀವಕ್ಕೆ ಭಯವಿಲ್ಲ ಅಂತ ಡಾಕ್ಟರು ಹೇಳಿದರು ಅಕ್ಕಾ. ಇವರು ಬಾಗಿಲ ಹಿಂದೆ ನಿಂತು ಅಳುತ್ತಿದ್ದರು, ನನಗೆ ಕೇಳಿಸುತ್ತದೆ ಅಂತ ಅವರಿಗೆ ಗೊತ್ತಿಲ್ಲ."

ನಾನು ಅದನ್ನು ಆಗಲೂ ಓದಿದ್ದೆ. ಓದಲಿಲ್ಲ ಎಂದು ಹೇಳಲಾರೆ. ಕಾದಂಬರಿಯ ಹೆಂಗಸಿಗೆ ಆ ಮಗು ಬೇಕಿರಲಿಲ್ಲ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿತ್ತು. ಮೂರು ವಾರದಿಂದ ಆ ಪುಟ ಮುಗಿಯುತ್ತಿರಲಿಲ್ಲ. ನಿನ್ನ ಪತ್ರವನ್ನು ಎದುರಿಗಿಟ್ಟುಕೊಂಡು ಬರೆಯುತ್ತ ಹೋದೆ. ಅಲ್ಪವಿರಾಮದ ಹತ್ತಿರ ಕೈ ನಿಂತಿತು, ಒಂದು ಚುಕ್ಕಿ ಇಟ್ಟೆ. ಆ ಕ್ಷಣಕ್ಕೆ ಆದ ಸಂತೋಷ ನನಗೆ ಈಗಲೂ ನೆನಪಿದೆ. ಅಂಥ ಸಂತೋಷ ಬರೆಯುವವರಿಗೆ ಬದುಕಿನಲ್ಲಿ ನಾಲ್ಕೈದು ಸಲ ಸಿಗುತ್ತದೆ. ನಿನ್ನ ನೆನಪು ಆಗ ಬರಲಿಲ್ಲ. ನಿಜ ಹೇಳುತ್ತಿದ್ದೇನೆ, ಬರಲೇ ಇಲ್ಲ.

ಮಾರ್ಚಿನಲ್ಲಿ ಬರೆಯುವಾಗ ಬಂದಿತ್ತು. ಹಾಳೆ ಕೈಯಲ್ಲೇ ಇತ್ತು, ಮಗುಚಿ ನೋಡಿಯೂ ಇದ್ದೆ. ಆದರೂ ಚುಕ್ಕಿಯನ್ನೇ ಬರೆದು ಕಳಿಸಿದೆ. ನಿನ್ನನ್ನು ಉಳಿಸಲು ಎಂದೆನಲ್ಲ, ಉಳಿಸಿಕೊಂಡದ್ದು ನನ್ನ ಪುಟವನ್ನು.

ಹೊಸ ಮುದ್ರಣ ಇನ್ನೂ ಅಚ್ಚಿಗೆ ಹೋಗಿಲ್ಲ. ಉಳಿದ ವಾಕ್ಯವನ್ನು ಸೇರಿಸುತ್ತೇನೆ. ಪೀಠಿಕೆಯಲ್ಲಿ ನಿನ್ನ ಪತ್ರದಿಂದ ತೆಗೆದುಕೊಂಡದ್ದೆಂದು ಬರೆಯುತ್ತೇನೆ. ಆಮೇಲಿನ ಕಥೆ ಕುಸಿದರೆ ಕುಸಿಯಲಿ. ಈ ಸಲ ಕೇಳಿಯೇ ಮಾಡುತ್ತೇನೆ. ನಿನ್ನ ಮಾತನ್ನು ಬಳಸಲು ನನಗೆ ಅನುಮತಿ ಕೊಡುತ್ತೀಯಾ?

ಅಕ್ಕ


ಸೆಪ್ಟೆಂಬರ್ 1

ಅಕ್ಕಾ,

ಹಾಳೆ ಬಂತು. ಅಕ್ಷರ ನನ್ನದೇ. ಆಗ ಎಷ್ಟು ಗುಂಡಗೆ ಬರೆಯುತ್ತಿದ್ದೆ. ಜ್ವರದಲ್ಲೂ ಸಾಲು ನೆಟ್ಟಗಿವೆ.

ಅಧ್ಯಾಯವನ್ನು ಪುಸ್ತಕಕ್ಕೆ ವಾಪಸ್ ಸೇರಿಸಿದ್ದೇವೆ. ನಿನ್ನ ಏಳು ವಾಕ್ಯವನ್ನು ನಿನ್ನ ಹೆಸರು, ಕಾದಂಬರಿಯ ಹೆಸರು, ಪುಟದ ಸಂಖ್ಯೆ ಎಲ್ಲ ಹಾಕಿಯೇ ಕೊಟ್ಟಿದ್ದೇನೆ. ಒಂದು ಅಕ್ಷರವನ್ನೂ ಬಿಟ್ಟಿಲ್ಲ. ನಿನ್ನ ಹೆಂಗಸು ಆ ಮಾತು ಯಾಕೆ ಆಡಿದಳು ಎಂದು ಹಿಂದುಮುಂದಿನ ಪುಟಗಳ ಸಾರವನ್ನೂ ಕೊಟ್ಟಿದ್ದೇನೆ, ನಿನಗೆ ಅನ್ಯಾಯ ಆಗಬಾರದು. ಅದರ ಕೆಳಗೆ ನನ್ನ ಪತ್ರದ ಪೂರ್ತಿ ವಾಕ್ಯ ನನ್ನ ಹೆಸರಿನಲ್ಲಿ ಇದೆ. ಯಾವುದು ಕಥೆ, ಯಾವುದು ನಾನು ಎಂದು ಓದುವವರೇ ನೋಡಿಕೊಳ್ಳಲಿ. ನಿನ್ನ ಅನುಮತಿ ಪತ್ರ ಬಳಸಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಕೊಡುವುದಿಲ್ಲ.

ಆ ಉಳಿದರ್ಧ ನಿನ್ನ ಕಾದಂಬರಿಗೆ ಸೇರಿದ್ದಲ್ಲ. ನಿನ್ನ ಹೆಂಗಸಿಗೆ ಅಂಥ ಗಂಡ ಇರಲಿಲ್ಲ, ನನಗಿದ್ದರು. ತಿದ್ದಿದ ಪುಟವನ್ನು ಸಾವಿರ ಜನ ಓದಿ ಭೇಷ್ ಅಂದಾರು, ನಿನ್ನ ಪ್ರಾಮಾಣಿಕತೆಯನ್ನು ಹೊಗಳಿಯಾರು. ಓದಬೇಕಾಗಿದ್ದವರು ಒಬ್ಬರೇ. ಅವರು ಮೂವತ್ತೊಂದು ವರ್ಷ ಚುಕ್ಕಿಯ ತನಕ ಮಾತ್ರ ಓದಿಕೊಂಡು ಹೋದರು.

ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟುವುದಿಲ್ಲ. ಅವರೂ ಒಂದು ದಿನ ಕೇಳಬಹುದಿತ್ತು. "ನೀನು ಹೀಗಂದುಕೊಂಡೆಯಾ?" ಅಂತ ಒಂದೇ ಮಾತು. ನಾನೂ ಬಾಗಿಲ ಹಿಂದೆ ಅತ್ತದ್ದು ಕೇಳಿಸಿತು ಎಂದು ಅವರಿಗೆ ಹೇಳಬಹುದಿತ್ತು. ಅದನ್ನು ಅವರಿಗೆ ಹೇಳದೆ ನಿನಗೆ ಬರೆದೆ. ಆಗ ನನಗೆ ನೀನೇ ಹತ್ತಿರದವಳಾಗಿದ್ದೆ.

ನಿನ್ನೆ ವಾರ್ಡಿಗೆ ಹೋಗಿದ್ದೆ. ಹತ್ತನೆಯ ಹಾಸಿಗೆಯಲ್ಲಿ ಒಬ್ಬಳಿದ್ದಳು, ಮೂರನೆಯ ದಿನ. ಅವಳ ಗಂಡ ಹೊರಗೆ ಬೆಂಚಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದ, ಸರಿಯಾಗಿಯೇ ಇದ್ದ ಪಟ್ಟಿಯನ್ನು. "ಒಳಗೆ ಹೋಗಿ ಅವಳ ಎದುರಿಗೇ ಅಳಪ್ಪ" ಅಂದೆ. ನರ್ಸು ನನ್ನನ್ನು ವಿಚಿತ್ರವಾಗಿ ನೋಡಿದಳು.

ಪುಸ್ತಕದ ಪ್ರತಿ ಕಳಿಸುತ್ತೇನೆ. ನೀನು ಬರೆದರೆ ನಾನೂ ಬರೆಯುತ್ತೇನೆ, ಮುಖ ತಿರುಗಿಸಿಕೊಂಡು ಕೂರುವ ವಯಸ್ಸಲ್ಲ ಇದು. ಆದರೆ ಇನ್ನು ಮುಂದೆ ನಿನಗೆ ಬರೆಯುವುದು ಯಾರು ಬೇಕಾದರೂ ಓದಬಹುದಾದ ಕಾಗದ, ಎಲ್ಲಿ ಬೇಕಾದರೂ ಕತ್ತರಿಸಬಹುದಾದ ಮಾತು.

ಇಲ್ಲಿ ಬಿಸಿಲು ಜಾಸ್ತಿ. ನಾನು ಆರೋಗ್ಯವಾಗಿದ್ದೇನೆ. ಎದುರು ಮನೆಗೆ ಸುಣ್ಣ ಹೊಡೆಸುತ್ತಿದ್ದಾರೆ. ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿದೆ.